ದೇವಧರರ ಮನೆಯ ಆಟ

ಪುಣೆಯ ಎಸ್.ಪಿ. ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ದಿ.ಬ. ದೇವಧರರನ್ನು (1892–1993) ನಾವು ಕ್ರಿಕೆಟಿಗರೆಂದೇ ನೆನೆಯುತ್ತೇವೆ. 1926ರಲ್ಲಿ ಎಂಸಿಸಿ ವಿರುದ್ಧ 148 ರನ್ ಹೊಡೆದವರು. ಐವತ್ತರ ಹೊಸ್ತಿಲಲ್ಲಿ ನಾಯಕರಾಗಿ ಮಹಾರಾಷ್ಟ್ರಕ್ಕೆ ಸತತ ಎರಡು ರಣಜಿ ಟ್ರೋಫಿ ಗೆದ್ದುಕೊಟ್ಟವರು. ಅವರ ಆಟದ ಒಲವು ಮಕ್ಕಳಲ್ಲಿ ಹರಿದದ್ದು ಮಾತ್ರ ಬೇರೊಂದು ಅಂಗಳಕ್ಕೆ. ಮಗಳಂದಿರಾದ ತಾರಾ, ಸುಂದರ್, ಸುಮನ್ 1940ರ ದಶಕದಲ್ಲಿ ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದರು. ಬ್ರಿಟಿಷ್ ಸೈನಿಕರ ಬಾಯಲ್ಲಿ ಒಮ್ಮೆ ‘ಪೂನಾ’ ಎಂದೇ ಕರೆಸಿಕೊಂಡಿದ್ದ ಆಟವದು. ಆ ಊರಿನ ಮಕ್ಕಳಿಗೆ ಒಲಿದದ್ದು ಸಹಜವೆನ್ನೋಣ.

ಆದರೆ ತಂದೆಯ ಆಟವೇ ಏಕೆ ಅವರದಾಗಲಿಲ್ಲ? ಹೆಣ್ಣುಮಕ್ಕಳಿಗೆ ಅಂದು ಕ್ರಿಕೆಟ್ಟಿನಲ್ಲಿ ಅಂಥ ಕಣವೇ ಇರಲಿಲ್ಲ. ಮಹಿಳೆಯರ ಮೊದಲ ರಾಷ್ಟ್ರೀಯ ಕ್ರಿಕೆಟ್ ಪಂದ್ಯಾವಳಿ, ಪುಣೆಯಲ್ಲಿಯೇ, ನಡೆದದ್ದು 1973ರಲ್ಲಿ. ದೇವಧರರ ಹೆಸರಿನ ಟ್ರೋಫಿ ಆರಂಭವಾದದ್ದು ಅದರ ಬೆನ್ನಿಗೇ.