ಒಂದೇ ಕ್ಲಿಕ್ಕಿಗೆ ತಂತ್ರಾಂಶ: ಉಬುಂಟು-ಲಿನ್‌ಸ್ಪೈರ್ ಒಪ್ಪಂದ

ಲಿನಕ್ಸ್ ಉಚಿತವಾಗಿ ಸಿಕ್ಕರೂ ಮನೆ ಬಳಕೆದಾರರು ಅದರಿಂದ ದೂರ ಉಳಿಯಲು ಒಂದು ಕಾರಣ, ಹೊಸ ತಂತ್ರಾಂಶ ಅಳವಡಿಸುವ ತಾಪತ್ರಯ. ಡೆಬಿಯನ್ ಬಳಗದ್ದು ಡೆಬ್ ಪ್ಯಾಕೇಜ್, ರೆಡ್ ಹ್ಯಾಟ್ ಬಳಗದ್ದು ಆರ್‌ಪಿಎಂ. ಒಂದು ಪ್ರೋಗ್ರಾಂ ನಡೆಯಲು ಬೇರೆ ನಾಲ್ಕು ಲೈಬ್ರರಿಗಳು ಬೇಕು, ಅವುಗಳ ಆವೃತ್ತಿಯೂ ಹೊಂದಬೇಕು.

ಇದಕ್ಕೆ ಉತ್ತರವಾಗಿ ಬಂದದ್ದು ಲಿಂಡೋಸ್ ಕಂಪನಿಯ 'ಕ್ಲಿಕ್ ಎನ್ ರನ್' ಸೇವೆ. ಪಟ್ಟಿಯಲ್ಲಿ ಬೇಕಾದ ತಂತ್ರಾಂಶದ ಮೇಲೆ ಕ್ಲಿಕ್ಕಿಸಿದರೆ ಸಾಕು, ಡೌನ್‌ಲೋಡ್, ಲೈಬ್ರರಿ, ಮೆನು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತಿತ್ತು. ಮೊದಲು ಚಂದಾ ಕಟ್ಟಬೇಕಿತ್ತು, 2006ರಲ್ಲಿ ಮೂಲ ಸೇವೆ ಉಚಿತವಾಯಿತು. ಅಷ್ಟರಲ್ಲಿ ಕಂಪನಿಯ ಹೆಸರೂ ಬದಲಾಗಿತ್ತು. 'ವಿಂಡೋಸ್' ಹೆಸರಿಗೆ ಹತ್ತಿರವಾಯಿತೆಂದು ಮೈಕ್ರೋಸಾಫ್ಟ್ ಹೂಡಿದ್ದ ದಾವೆ 2004ರಲ್ಲಿ ರಾಜಿಯಾಗಿ, ಲಿಂಡೋಸ್ ಹೋಗಿ ಲಿನ್‌ಸ್ಪೈರ್ ಆಯಿತು. ಹೆಸರು ಬಿಟ್ಟುಕೊಟ್ಟವರಿಗೆ ಸಿಕ್ಕಿದ್ದು 2 ಕೋಟಿ ಡಾಲರ್, ಸೋಲೆನ್ನುವುದು ಕಷ್ಟ!

2007ರ ಫೆಬ್ರವರಿಯಲ್ಲಿ ಲಿನ್‌ಸ್ಪೈರ್, ಉಬುಂಟುವಿನ ಪ್ರಾಯೋಜಕ ಸಂಸ್ಥೆ ಕೆನಾನಿಕಲ್ ಜತೆ ಕೈಜೋಡಿಸಿತು. ಲೆಕ್ಕ ಸರಳ: ಲಿನ್‌ಸ್ಪೈರ್‌ಗೆ ಉಬುಂಟುವಿನ ಗಟ್ಟಿ ತಳಪಾಯ, ಉಬುಂಟು ಬಳಕೆದಾರರಿಗೆ ಕ್ಲಿಕ್ ಎನ್ ರನ್. ಪರವಾನಗಿ ಪಡೆದ ಡಿವಿಡಿ ಪ್ಲೇಯರ್‌ನಂಥ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳೂ ಆ ಪಟ್ಟಿಯಲ್ಲಿದ್ದವು. ಮುಕ್ತ ತಂತ್ರಾಂಶದ ಕಟ್ಟಾ ಬೆಂಬಲಿಗರಿಗೆ ಇದು ರುಚಿಸಲಿಲ್ಲ. ಹಾಡು, ಸಿನಿಮಾ ನೋಡಬಯಸುವ ಸಾಮಾನ್ಯ ಬಳಕೆದಾರನಿಗೆ ಮಾತ್ರ ಬೇಕಿದ್ದದ್ದು ಅದೇ.

ಆ ವರ್ಷವೇ ಉಬುಂಟು ಆಧಾರಿತ ಫ್ರೀಸ್ಪೈರ್ 2.0 ಬಂತು. ಆದರೆ ನಂಟು ಬಹಳ ದಿನ ಬಾಳಲಿಲ್ಲ. 2008ರಲ್ಲಿ ಕ್ಸಾಂಡ್ರೋಸ್ ಸಂಸ್ಥೆ ಲಿನ್‌ಸ್ಪೈರ್ ಅನ್ನು ಕೊಂಡುಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಉಬುಂಟು 9.10 ತನ್ನದೇ 'ಸಾಫ್ಟ್‌ವೇರ್ ಸೆಂಟರ್' ತಂದಿತು. ಡೆಬ್, ಆರ್‌ಪಿಎಂ ನಡುವಿನ ಗೋಡೆ ದಾಟುವ ಕೆಲಸ ಮುಂದೆ ಸ್ನ್ಯಾಪ್, ಫ್ಲಾಟ್‌ಪ್ಯಾಕ್‌ಗಳ ಪಾಲಿಗೆ ಬಂತು.