ಎನ್‌ಎಫ್‌ಎಸ್‌ನಲ್ಲಿ ಐಚ್ಛಿಕ ಸೌಲಭ್ಯಗಳ ಚರಿತ್ರೆ

ಬೇರೆ ಯಂತ್ರದಲ್ಲಿರುವ ಫೈಲುಗಳನ್ನು ತನ್ನದೇ ಡಿಸ್ಕಿನಲ್ಲಿವೆ ಎಂಬಂತೆ ಬಳಸಲು ನೆರವಾಗುವ ಎನ್‌ಎಫ್‌ಎಸ್ ಪ್ರೋಟೊಕಾಲನ್ನು ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದ ನಡುಭಾಗದಲ್ಲಿ ರೂಪಿಸಿತು. ಕಂಪನಿಯ ಹೊರಗೆ ಮೊದಲು ಬಂದದ್ದು ಎರಡನೆಯ ಆವೃತ್ತಿ. 1989ರಲ್ಲಿ ಆರ್‌ಎಫ್‌ಸಿ 1094 ಎಂದು ಪ್ರಕಟವಾದಾಗ ಅದರ ವಿವರಣೆ 27 ಪುಟಗಳಲ್ಲಿ ಮುಗಿದಿತ್ತು. ಅದರ 18 ಪ್ರೊಸೀಜರುಗಳಲ್ಲಿ ರೈಟ್‌ಕ್ಯಾಶ್ ಎಂಬುದನ್ನು ಮುಂದಿನ ಆವೃತ್ತಿಗೆಂದು ಖಾಲಿ ಬಿಡಲಾಗಿತ್ತು. ಮುಂದಿನ ಆವೃತ್ತಿ ಬಂದಾಗ ಆ ಜಾಗವನ್ನು ಯಾರೂ ತುಂಬಲಿಲ್ಲ, ಕಿತ್ತೇ ಹಾಕಿದರು.

1995ರ ಮೂರನೆಯ ಆವೃತ್ತಿ ದೊಡ್ಡ ಫೈಲುಗಳಿಗೆ 64 ಬಿಟ್ ಅಳತೆಯನ್ನು ತಂದಿತು. ಎಲ್ಲ ಸರ್ವರುಗಳೂ ಒಂದೇ ತೆರನಾಗಿರುವುದಿಲ್ಲ ಎಂಬುದನ್ನೂ ಅದು ಒಪ್ಪಿಕೊಂಡಿತು. ಹಾರ್ಡ್ ಲಿಂಕ್, ಸಿಂಬಾಲಿಕ್ ಲಿಂಕ್‌ಗಳು ತನ್ನಲ್ಲಿ ಉಂಟೋ ಇಲ್ಲವೋ ಎಂದು ಸರ್ವರ್ ತಿಳಿಸಲು ಎಫ್‌ಎಸ್‌ಇನ್ಫೊ ಎಂಬ ಪ್ರೊಸೀಜರ್ ಬಂತು.

1998ರಲ್ಲಿ ಸನ್ ಕಂಪನಿ ನಾಲ್ಕನೆಯ ಆವೃತ್ತಿಯ ಹೊಣೆಯನ್ನು ಇಂಟರ್ನೆಟ್ ಮಾನಕಗಳ ಸಂಸ್ಥೆಯಾದ ಐಇಟಿಎಫ್‌ಗೆ ಬಿಟ್ಟುಕೊಟ್ಟಿತು. ಐಚ್ಛಿಕವೆಂಬುದು ನಿಯಮಬದ್ಧವಾದದ್ದು ಇಲ್ಲಿಂದ. ಫೈಲಿನ ಗುಣಲಕ್ಷಣಗಳು ಕಡ್ಡಾಯ, ಶಿಫಾರಸು ಎಂದು ವಿಂಗಡಣೆಯಾದವು. ಪ್ರವೇಶಾಧಿಕಾರದ ಪಟ್ಟಿ ಶಿಫಾರಸಿನ ಸಾಲಿಗೆ ಸೇರಿತು. ಹೆಸರು ಶಿಫಾರಸಾದರೂ ಸರ್ವರ್ ಅದನ್ನು ಬಿಟ್ಟುಬಿಡಬಹುದಿತ್ತು. 4.1, 4.2 ಎಂದು ಬರಲಿದ್ದ ಉಪ ಆವೃತ್ತಿಗಳಿಗೂ ಕಟ್ಟಳೆಯಾಯಿತು: ಯಾವ ಹೊಸ ಸೌಲಭ್ಯವನ್ನೂ ಮೊದಲ ಬಾರಿಗೇ ಕಡ್ಡಾಯ ಮಾಡಕೂಡದು, ಬಳಕೆಯ ಅನುಭವ ಬರಲಿ, ಆಮೇಲೆ ನೋಡೋಣ.

ಈ ಕಟ್ಟಳೆ ಮೊದಲ ಪರೀಕ್ಷೆಯಲ್ಲೇ ಬಾಗಬೇಕಾಯಿತು. 2010ರ 4.1 ಆವೃತ್ತಿಯ ತಿರುಳು ಸೆಷನ್ ವ್ಯವಸ್ಥೆ. ಜಾಲ ಕಡಿದು ಅದೇ ಕೋರಿಕೆ ಮತ್ತೆ ಬಂದರೂ ಕೆಲಸ ಎರಡು ಸಲ ಆಗದಂತೆ ಅದು ಕಾಯುತ್ತದೆ. ಉಳಿದೆಲ್ಲವೂ ಅದರ ಮೇಲೆಯೇ ನಿಂತಿದ್ದರಿಂದ ಅದನ್ನು ಐಚ್ಛಿಕವಾಗಿಡುವಂತಿರಲಿಲ್ಲ. ಹಾಗಾಗಿ ಮೂಲಸೌಕರ್ಯದ ಬದಲಾವಣೆಗಳನ್ನು ಹೊರತುಪಡಿಸಿ ಎಂಬ ಷರತ್ತನ್ನು ಹಳೆಯ ಕಟ್ಟಳೆಗೆ ಸೇರಿಸಿದರು. ಹಲವು ಸಂಗ್ರಹ ಯಂತ್ರಗಳಿಂದ ದತ್ತಾಂಶವನ್ನು ನೇರವಾಗಿ, ಏಕಕಾಲಕ್ಕೆ ಓದಿಸುವ ಪಿಎನ್‌ಎಫ್‌ಎಸ್ ಮಾತ್ರ ಐಚ್ಛಿಕವಾಗಿಯೇ ಉಳಿಯಿತು. ವಿವರಣೆ ಅಷ್ಟರಲ್ಲಿ 617 ಪುಟಗಳಿಗೆ ಬೆಳೆದಿತ್ತು.

2016ರ 4.2 ಆವೃತ್ತಿ ಇದಕ್ಕೆ ತದ್ವಿರುದ್ಧ. ಅದರಲ್ಲಿ ಹೊಸದಾಗಿ ಬಂದದ್ದೆಲ್ಲ ಐಚ್ಛಿಕ. ಆದರೆ ಒಂದೇ ಹೆಸರಿನಡಿ ಎರಡು ಬಗೆಯ ಸರಕು ಸೇರಿಕೊಂಡಿತ್ತು. ಫೈಲಿನ ಪ್ರತಿಯನ್ನು ಸರ್ವರಿನಲ್ಲೇ ಮಾಡಿಸುವ ಸೌಲಭ್ಯ ಸಿಗದಿದ್ದರೆ ಕ್ಲೈಂಟ್ ತಾನೇ ಓದಿ, ಬರೆದು ಆ ಕೆಲಸ ಮುಗಿಸಬಹುದು. ಸಮಯ ಹೆಚ್ಚು ಹಿಡಿಯುತ್ತದೆ, ಫಲ ಅದೇ. ಭದ್ರತಾ ಲೇಬಲ್‌ಗಳ ಮಾತು ಬೇರೆ. ಸರ್ವರ್ ಅವುಗಳನ್ನು ಕಾಪಾಡದಿದ್ದರೆ ಕ್ಲೈಂಟ್ ಹಿಡಿಯಬಹುದಾದ ಸಮಾನ ದಾರಿಯೇ ಇಲ್ಲ. ಮೊದಲನೆಯದಕ್ಕೆ ಐಚ್ಛಿಕವೆಂಬ ಪಟ್ಟ ಚೆನ್ನಾಗಿ ಒಪ್ಪುತ್ತದೆ. ಎರಡನೆಯದರಲ್ಲಿ ಅದು ತೀರ್ಮಾನವನ್ನು ವ್ಯವಸ್ಥೆ ನಡೆಸುವವರ ಹೆಗಲಿಗೆ ದಾಟಿಸುತ್ತದೆ, ಅಷ್ಟೆ.

ಪುಟ್ಟ ಸೌಲಭ್ಯವೊಂದಕ್ಕೂ ಇಡೀ ಉಪ ಆವೃತ್ತಿ ಸಿದ್ಧವಾಗುವವರೆಗೆ ಕಾಯಬೇಕೆಂಬ ತೊಡಕನ್ನು 2017ರ ಆರ್‌ಎಫ್‌ಸಿ 8178 ಬಿಡಿಸಿತು. ಐಚ್ಛಿಕ ಸೌಲಭ್ಯವನ್ನು ಪ್ರತ್ಯೇಕ ದಾಖಲೆಯ ಮೂಲಕವೇ 4.2ಕ್ಕೆ ಜೋಡಿಸಬಹುದೆಂದಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 8276 ಈ ಹಾದಿಯಲ್ಲಿ ಬಂದು, ಫೈಲಿಗೆ ಹೆಸರು ಮತ್ತು ಮೌಲ್ಯದ ಪುಟ್ಟ ಜೋಡಿಗಳನ್ನು ಅಂಟಿಸುವ ಎಕ್ಸ್‌ಆಟ್ರ್ ಸೌಲಭ್ಯವನ್ನು ಸೇರಿಸಿತು. ನಾಲ್ಕನೆಯ ಆವೃತ್ತಿಯಲ್ಲಿ ಇದನ್ನು ಹೋಲುವ ಹೆಸರುಳ್ಳ ಗುಣಲಕ್ಷಣಗಳು, ಅವೂ ಐಚ್ಛಿಕವಾಗಿಯೇ, ಮೊದಲಿನಿಂದ ಇದ್ದವು. ಆದರೆ ಅವುಗಳ ರಚನೆ ಫೈಲಿನೊಳಗೊಂದು ಡೈರೆಕ್ಟರಿ ಇದ್ದಂತೆ. ಲಿನಕ್ಸಿನ ಸರಳ ಜೋಡಿಗಳಿಗೆ ಅದು ಹೊಂದುವಂತಿರಲಿಲ್ಲ. ಹೊಸ ಸೌಲಭ್ಯ 2020ರಲ್ಲಿ ಲಿನಕ್ಸ್ 5.9ರ ಕ್ಲೈಂಟ್ ಮತ್ತು ಸರ್ವರ್ ಎರಡರಲ್ಲೂ ಸೇರಿತು.