ಚಿಚೆನ್ ಇಟ್ಸಾ: ಬಾವಿಯ ಬಾಯಲ್ಲಿ ಬೆಳೆದ ಮಾಯಾ ನಗರ

ಮೆಕ್ಸಿಕೊ ದೇಶದ ಯುಕಟಾನ್ ಪರ್ಯಾಯದ್ವೀಪದಲ್ಲಿರುವ ಪ್ರಾಚೀನ ಮಾಯಾ ನಗರ. 'ಇಟ್ಸಾ ಜನರ ಬಾವಿಯ ಬಾಯಿ' ಎಂಬುದು ಹೆಸರಿನ ಅರ್ಥ. ಸುಣ್ಣಕಲ್ಲಿನ ಈ ಸೀಮೆಯ ಉತ್ತರಭಾಗದಲ್ಲಿ ನೆಲದ ಮೇಲೆ ಹರಿಯುವ ನದಿಗಳಿಲ್ಲ. ಮಳೆನೀರು ಕಲ್ಲಿನೊಳಗೆ ಇಂಗಿಹೋಗುತ್ತದೆ. ನೆಲ ಕುಸಿದ ಕಡೆಗಳಲ್ಲಿ ಮಾತ್ರ ಆಳವಾದ ಬಾವಿಗಳಾಗಿ ಕಾಣುತ್ತದೆ. ಇವನ್ನು ಸೆನೋಟೆ ಎನ್ನುತ್ತಾರೆ. ನಗರದ ಬದುಕು, ಧರ್ಮಗಳೆರಡೂ ಈ ನೀರನ್ನೇ ಆಶ್ರಯಿಸಿದ್ದವು.

ಕ್ರಿ.ಶ. 9ರಿಂದ 11ನೆಯ ಶತಮಾನದವರೆಗೆ ನಗರವು ಉಚ್ಛ್ರಾಯದಲ್ಲಿತ್ತು. ಗರಿಗಳುಳ್ಳ ಸರ್ಪದೇವತೆ ಕುಕುಲ್ಕಾನನ ಪಿರಮಿಡ್ ಸುಮಾರು 30 ಮೀಟರ್ ಎತ್ತರವಿದೆ. ನಾಲ್ಕು ಪಾರ್ಶ್ವಗಳ ತಲಾ 91 ಮೆಟ್ಟಿಲುಗಳಿಗೆ ಮೇಲಿನ ಒಂದನ್ನು ಕೂಡಿಸಿದರೆ ವರ್ಷದ 365 ದಿನಗಳ ಲೆಕ್ಕ ಸಿಗುತ್ತದೆ.

ಪಿರಮಿಡ್ಡಿನ ಬಳಿಯಿಂದ ಉತ್ತರಕ್ಕೆ ಸಾಗುವ ಕಲ್ಲುಹಾದಿ ಪವಿತ್ರ ಸೆನೋಟೆಯನ್ನು ಮುಟ್ಟುತ್ತದೆ. ಮಳೆದೇವತೆ ಚಾಕ್‌ನಿಗೆ ಇಲ್ಲಿ ಕಾಣಿಕೆ ಸಲ್ಲುತ್ತಿತ್ತು. ಬರಗಾಲದಲ್ಲಿ ಜೀವಂತ ಮನುಷ್ಯರನ್ನೂ ಬಾವಿಗೆ ಎಸೆಯುತ್ತಿದ್ದರೆಂದು 16ನೆಯ ಶತಮಾನದ ಸ್ಪ್ಯಾನಿಷ್ ಪಾದ್ರಿ ಡಿಯೆಗೊ ದೆ ಲಾಂಡಾ ಬರೆದಿದ್ದಾನೆ. 1562ರಲ್ಲಿ ಮಾಯಾ ಗ್ರಂಥಗಳನ್ನು ಸುಡಿಸಿದವನೂ ಈತನೇ ಆದ್ದರಿಂದ ಇವನ ಸಾಕ್ಷ್ಯವನ್ನು ಎಚ್ಚರದಿಂದಲೇ ಓದಬೇಕಾಗುತ್ತದೆ. ಆದರೆ ನರಬಲಿಯ ಮಾತು ಸುಳ್ಳಲ್ಲ. ಅಮೆರಿಕದ ಎಡ್ವರ್ಡ್ ಥಾಂಪ್ಸನ್ 1904ರಿಂದ ಬಾವಿಯ ಹೂಳೆತ್ತಿಸಿದಾಗ ಚಿನ್ನ, ಹಸಿರುಕಲ್ಲಿನ ಆಭರಣ, ಧೂಪದ ಉಂಡೆಗಳೊಡನೆ ಮನುಷ್ಯರ ಮೂಳೆಗಳೂ ದೊರೆತವು.

ಚೆಲುವೆಯರಾದ ಕನ್ಯೆಯರನ್ನೇ ಬಲಿಕೊಡುತ್ತಿದ್ದರೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಬಾವಿಯ ಮೂಳೆಗಳಲ್ಲಿ ಸ್ತ್ರೀಪುರುಷರವೂ ಮಕ್ಕಳವೂ ಇವೆ. ಸಮೀಪದ ನೆಲದಡಿಯ ನೀರಿನ ತೊಟ್ಟಿಯೊಂದರಲ್ಲಿ 1967ರಲ್ಲಿ ನೂರಕ್ಕೂ ಹೆಚ್ಚು ಮಕ್ಕಳ ಅವಶೇಷಗಳು ಪತ್ತೆಯಾಗಿದ್ದವು. ಅವುಗಳಲ್ಲಿ 64 ಮಕ್ಕಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಅವರೆಲ್ಲರೂ ಗಂಡುಮಕ್ಕಳು, ಹೆಚ್ಚಿನವರಿಗೆ ಮೂರರಿಂದ ಆರು ವರ್ಷ. ಹಲವರು ಪರಸ್ಪರ ರಕ್ತಸಂಬಂಧಿಗಳು, ಎರಡು ಜೋಡಿ ಏಕರೂಪಿ ಅವಳಿಗಳೂ ಇದ್ದರು. ಪಾತಾಳಕ್ಕಿಳಿದು ಮೃತ್ಯುದೇವತೆಗಳನ್ನು ಗೆಲ್ಲುವ ವೀರ ಅವಳಿಗಳು ಮಾಯಾ ಪುರಾಣದ ನಾಯಕರೆಂಬುದನ್ನು ನೆನೆದರೆ, ಅಕ್ಕಪಕ್ಕದ ಮನೆಗಳಿಂದಲೇ ಇಂಥ ಮಕ್ಕಳನ್ನು ಆರಿಸಿರಬಹುದೆಂಬ ಊಹೆಗೆ ಎಡೆಯಿದೆ.

13ನೆಯ ಶತಮಾನದ ವೇಳೆಗೆ ಅಧಿಕಾರ ಮಾಯಾಪಾನ್ ನಗರದ ಪಾಲಾಯಿತು. ಆದರೂ ಪವಿತ್ರ ಬಾವಿಗೆ ಯಾತ್ರಿಕರು ಸ್ಪ್ಯಾನಿಷರ ಕಾಲದಲ್ಲೂ ಬರುತ್ತಿದ್ದರು. 1988ರಲ್ಲಿ ಯುನೆಸ್ಕೊ ಈ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2024ರ ಅಧ್ಯಯನಕ್ಕೆ ಯುಕಟಾನಿನ ಮಾಯಾ ಹಳ್ಳಿಯೊಂದರ ಜನರೂ ರಕ್ತದ ಮಾದರಿ ನೀಡಿದ್ದರು. ಆ ಮಕ್ಕಳ ಜನಾಂಗದ ವಂಶವಾಹಿ ಅವರಲ್ಲಿ ಇಂದಿಗೂ ಮುಂದುವರಿದಿದೆ.